ತಟ್ಟೆಯ ಒಂದು ಬದಿಗೆ 20 ನಿಮಿಷ: ಪ್ರೋಗ್ ರಾಕ್ ಕೇಳುಗರ ಒಪ್ಪಿಗೆಯಿಲ್ಲದ ಮಾತುಗಳು

ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಮನೆಯ ಮಹಡಿಯ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ನಾವು ಆರೇಳು ಜನ ಸೇರುತ್ತೇವೆ. ಒಂದು ಆಲ್ಬಂ ಆರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಮಾತಿಲ್ಲದೆ ಕೇಳುವುದು, ಆಮೇಲೆ ಚಹಾ ಕುಡಿಯುತ್ತ ಮಾತಾಡುವುದು, ಇಷ್ಟೇ ಅಲ್ಲಿಯ ಕಟ್ಟಳೆ. ಕಳೆದ ಬೇಸಿಗೆಯಲ್ಲಿ ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಮುಗಿದಾಗ, ನಮ್ಮಲ್ಲೆಲ್ಲ ಕಿರಿಯಳಾದ, ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ, “ನನಗಿದು ಹಿಡಿಸಲಿಲ್ಲ. ಎಲ್ಲ ವಾದ್ಯಗಳೂ ಒಟ್ಟಿಗೆ ಮಾತಾಡುತ್ತಿವೆ, ಯಾವುದೂ ಇನ್ನೊಂದರ ಮಾತು ಕೇಳಿಸಿಕೊಳ್ಳುತ್ತಿಲ್ಲ” ಎಂದಳು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಹಿರಿಯರೊಬ್ಬರು, “ಇನ್ನೊಂದು ಹತ್ತು ಸಲ ಕೇಳಮ್ಮ, ತಾನಾಗಿ ಒಳಗಿಳಿಯುತ್ತದೆ” ಎಂದರು. “ಹದಿನೈದು ಸಲ ಕೇಳಿಯೇ ಹೇಳುತ್ತಿದ್ದೇನೆ ಸರ್” ಎಂದಳು.

ಆ ಉತ್ತರ ನನ್ನನ್ನು ಈ ಲೇಖನಕ್ಕೆ ಕೂರಿಸಿತು. ಪ್ರೋಗ್ರೆಸಿವ್ ರಾಕ್ ಕೇಳುವವರ ನಡುವೆ ಈಗ ಎಲ್ಲಿ ನೋಡಿದರೂ ಒಪ್ಪಿಗೆಯಿಲ್ಲದ ಮಾತುಗಳದೇ ಸುಗ್ಗಿ. ಎಲ್ಲರೂ ಮೆಚ್ಚಿದ ಆಲ್ಬಂ ನನಗೆ ಬೇಡ, ಎಲ್ಲರೂ ತೆಗಳಿದ್ದೇ ನನಗೆ ಇಷ್ಟ ಎಂದು ಹೇಳುವುದು ಒಂದು ರೂಢಿಯೇ ಆಗಿದೆ. ಇವುಗಳಲ್ಲಿ ಜಳ್ಳು ಬಹಳ, ಕಾಳೂ ಇದೆ. ಕಾಳನ್ನು ಹೇಗೆ ಗುರುತಿಸುವುದು? ನನ್ನ ಅನುಭವದಲ್ಲಿ ಒಂದು ಅಳತೆಗೋಲು ಇದೆ. ಆಲ್ಬಂ ಚೆನ್ನಾಗಿದೆಯೋ ಇಲ್ಲವೋ ಎಂಬ ಜಗಳವನ್ನು ಸ್ವಲ್ಪ ಕೆದಕಿದರೆ ಬಹುಪಾಲು ಸಲ ಒಳಗೆ ಸಿಗುವುದು ಕಾಲದ ಜಗಳ: ಎಷ್ಟು ಹೊತ್ತಿನ ಸಂಗೀತ, ಎಲ್ಲಿ ಕೂತು ಕೇಳಿದ್ದು, ಯಾವ ಕ್ರಮದಲ್ಲಿ, ಎಷ್ಟು ಸಲ. ಅದನ್ನು ತಿಳಿದು ಹೇಳಿದ ಎದುರು ಮಾತಿಗೆ ತೂಕ ಬರುತ್ತದೆ.

ಈ ಸಂಗೀತದ ಪರಿಚಯ ಇಲ್ಲದವರಿಗೆ ಎರಡು ಮಾತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ರಾಕ್ ತಂಡಗಳು ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಒಡೆದವು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಟ್ಟೋಣ, ಜಾಝ್‌ನ ಆಶುವಾಗಿ ನುಡಿಸುವ ಮನೋಧರ್ಮ, ಬೆಸ ಮಾತ್ರೆಗಳ ಲಯ, ಮೆಲ್ಲೊಟ್ರಾನ್ ಮತ್ತು ಸಿಂಥಸೈಜರ್‌ನಂಥ ಹೊಸ ವಾದ್ಯ, ಎಲ್ಲ ಸೇರಿಸಿ ಉದ್ದುದ್ದ ರಚನೆಗಳನ್ನು ಕಟ್ಟಿದವು. 1969ರ ಅಕ್ಟೋಬರ್‌ನಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ ‘ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್’ ಈ ದಾರಿಯ ಮೊದಲ ದೊಡ್ಡ ಕಲ್ಲು ಎಂದು ಬಹುತೇಕರು ಒಪ್ಪುತ್ತಾರೆ. ಅಲ್ಲಿಂದ 1977ರಲ್ಲಿ ಪಂಕ್ ರಾಕ್‌ನ ಅಲೆ ಏಳುವವರೆಗಿನ ಏಳೆಂಟು ವರ್ಷವೇ ಇದರ ಸುವರ್ಣಕಾಲ. ಇವತ್ತು ಯಾವ ಮೆಚ್ಚಿನ ಪಟ್ಟಿ ತೆಗೆದರೂ ಮೇಲಿನ ಸಾಲುಗಳು ಈ ಸಣ್ಣ ಅವಧಿಯಿಂದಲೇ ಬರುತ್ತವೆ.

ಆ ಪಟ್ಟಿ ಐವತ್ತು ವರ್ಷಗಳಲ್ಲಿ ಗಟ್ಟಿಯಾಗಿಬಿಟ್ಟಿದೆ. ಗಟ್ಟಿಯಾಗಲು ಒಂದು ಕಾರಣ ಸಾವು. 2015ರಲ್ಲಿ ಯೆಸ್‌ನ ಕ್ರಿಸ್ ಸ್ಕ್ವೈರ್, 2016ರಲ್ಲಿ ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡದ ಕೀತ್ ಎಮರ್ಸನ್ ಮತ್ತು ಗ್ರೆಗ್ ಲೇಕ್ ಇಬ್ಬರೂ, 2020ರಲ್ಲಿ ರಷ್ ತಂಡದ ನೀಲ್ ಪಿಯರ್ಟ್, 2022ರಲ್ಲಿ ಕಿಂಗ್ ಕ್ರಿಮ್ಸನ್‌ನ ಇಯಾನ್ ಮೆಕ್‌ಡೊನಾಲ್ಡ್ ಮತ್ತು ಯೆಸ್‌ನ ಅಲನ್ ವೈಟ್ ತೀರಿಕೊಂಡರು. ತೀರಿಕೊಂಡವರ ಕೆಲಸವನ್ನು ತೂಗಿ ನೋಡುವುದು ಅಗೌರವ ಎಂಬ ಭಾವನೆ ಕೇಳುಗರಲ್ಲಿ ಬೆಳೆದಿದೆ. ಇನ್ನೊಂದು ಕಾರಣ ಮರುಮಿಶ್ರಣ. ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ ಕಿಂಗ್ ಕ್ರಿಮ್ಸನ್, ಯೆಸ್, ಜೆತ್ರೊ ಟಲ್ ತಂಡಗಳ ಹಳೆಯ ಟೇಪುಗಳನ್ನು ತೆಗೆದು ಹೊಸದಾಗಿ ಮಿಶ್ರ ಮಾಡಿದ ಮೇಲೆ ಅವೇ ಆಲ್ಬಂಗಳು ಮತ್ತೆ ದುಬಾರಿ ಪೆಟ್ಟಿಗೆಗಳಲ್ಲಿ ಬಂದವು, ಅವೇ ಮತ್ತೆ ಚರ್ಚೆಯಾದವು. ಪಟ್ಟಿಯ ಹೊರಗೆ ಉಳಿದವು ಹೊರಗೇ ಉಳಿದವು. ಹೀಗೆ ಗಟ್ಟಿಯಾದ ಪಟ್ಟಿಯ ಮೇಲೆ ಕಲ್ಲೆಸೆಯುವ ಆಸೆ ಯಾರಿಗಾದರೂ ಹುಟ್ಟುವುದು ಸಹಜವೇ.

ಕಲ್ಲೆಸೆಯಲು ಎಲ್ಲಕ್ಕಿಂತ ಸುಲಭದ ಗುರಿ ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. 1973ರ ಮಾರ್ಚ್‌ನಲ್ಲಿ ಬಂದ ಈ ಆಲ್ಬಂ 1988ರವರೆಗೆ ಒಟ್ಟು 741 ವಾರ ಅಮೆರಿಕದ ಬಿಲ್‌ಬೋರ್ಡ್ ಮಾರಾಟ ಪಟ್ಟಿಯಲ್ಲಿತ್ತು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಒಮ್ಮೆ ಮಹಾದಾಸೋಹದ ಅಡುಗೆಯ ಕಡೆ ನಿಂತಿದ್ದೆ. ದೊಡ್ಡ ಬಾಣಲೆಯ ಮುಂದೆ, ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಒಂದೊಂದಾಗಿ ಎಣ್ಣೆಗೆ ಜಾರಿಸುತ್ತಿದ್ದ ಹುಡುಗನ ಕಪ್ಪು ಟೀ ಶರ್ಟಿನ ಮೇಲೆ ಆ ಆಲ್ಬಂನ ತ್ರಿಕೋನ ಪಟ್ಟಕ, ಅದರಿಂದ ಹೊಮ್ಮುವ ಆರು ಬಣ್ಣ. ಹಿಟ್ಟಿನ ಹನಿಗಳು ಬಿದ್ದು ಕಾಮನಬಿಲ್ಲಿನ ಅರ್ಧ ಮುಚ್ಚಿಹೋಗಿತ್ತು. ಅದು ಯಾವ ಚಿತ್ರ ಎಂದು ಕೇಳಿದೆ. “ಚೆನ್ನಾಗಿದೆ ಎಂದು ತಗೊಂಡೆ ಅಣ್ಣ” ಎಂದ. ಸಂಗೀತದ ಹಂಗೇ ಇಲ್ಲದೆ ಇಷ್ಟು ದೂರ ಬಂದ ಒಂದು ಆಲ್ಬಂ ಬಗ್ಗೆ “ಇದು ಅಷ್ಟೇನೂ ದೊಡ್ಡದಲ್ಲ” ಎನ್ನುವುದಕ್ಕೆ ಧೈರ್ಯ ಬೇಕಿಲ್ಲ. ಅಂಥ ಮಾತು ಆಲ್ಬಂಗಿಂತ ಅದರ ಜನಪ್ರಿಯತೆಗೆ ಹೇಳಿದ ಉತ್ತರ. ಕೇಳದೆಯೂ ಹೇಳಬಹುದು.

ಅದೇ ಆಲ್ಬಂ ಬಗ್ಗೆ ಕೇಳಿ ಹೇಳಿದ ಎದುರು ಮಾತು ಹೇಗಿರುತ್ತದೆ ನೋಡಿ. ನಮ್ಮ ಗುಂಪಿನಲ್ಲಿ ತಬಲಾ ಕಲಿಸುವ ಮಾಸ್ತರರೊಬ್ಬರಿದ್ದಾರೆ. ‘ಮನಿ’ ಎಂಬ ಹಾಡನ್ನು ಅವರಿಗೆ ಮೊದಲ ಸಲ ಕೇಳಿಸಿದಾಗ ನಾವೆಲ್ಲ, “ಇದು ಏಳು ಮಾತ್ರೆಯ ಹಾಡು, ರಾಕ್‌ನಲ್ಲಿ ಬಹಳ ಅಪರೂಪ” ಎಂದು ಬೀಗಿದೆವು. ಅವರು ತೊಡೆಯ ಮೇಲೆ ಬೆರಳಿಡುತ್ತ ಕೇಳಿದರು. ಸ್ಯಾಕ್ಸೊಫೋನ್ ಏಳರಲ್ಲೇ ನುಡಿಯಿತು. ಗಿಟಾರ್ ಸರದಿ ಬಂದಾಗ ಅವರ ಬೆರಳು ನಿಂತಿತು. “ಇಲ್ಲಿ ನಾಲ್ಕಕ್ಕೆ ಇಳಿದುಬಿಟ್ಟರಲ್ಲ” ಎಂದರು. ನಿಜ, ಗಿಟಾರ್ ಭಾಗಕ್ಕೆ ಲಯ ನಾಲ್ಕಕ್ಕೆ ಬದಲಾಗುತ್ತದೆ. ಕೇಳುವವರಿಗೆ ಆ ಬಿಡುಗಡೆ ಹಿತವೆನ್ನುತ್ತಾರೆ, ನಾನೂ ಹಾಗೆಯೇ ನಂಬಿದ್ದೆ. ಮಾಸ್ತರರ ಮಾತು ಬೇರೆ. “ರೂಪಕ ತಾಳವೂ ಏಳೇ ಮಾತ್ರೆ. ಅದರ ಸಮ್, ಅಂದರೆ ಮೊದಲ ಮಾತ್ರೆ, ಇರುವುದೇ ಒತ್ತಿಲ್ಲದ ಖಾಲಿಯ ಮೇಲೆ, ಹಾಗಾಗಿ ಎಷ್ಟು ಹೊತ್ತು ನುಡಿಸಿದರೂ ಏಳು ಉಸಿರಾಡುತ್ತಿರುತ್ತದೆ. ಇವರು ಏಳನ್ನು ಬಿಗಿಯಾಗಿ ಹಿಡಿದಿದ್ದಾರೆ, ಅದಕ್ಕೇ ಬಿಡಬೇಕಾಯಿತು.” ಬೆಸ ಮಾತ್ರೆಯೇ ದೊಡ್ಡ ಸಾಧನೆ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದ ನನಗೆ ಆ ಮಾತು ನಾಟಿತು. ಏಳು, ಹತ್ತು ಮಾತ್ರೆಗಳ ನಡುವೆ ಬೆಳೆದ ಕಿವಿಗೆ ಪ್ರೋಗ್‌ನ ಎಣಿಕೆ ಬೆರಗು ಹುಟ್ಟಿಸಬೇಕಾಗಿಲ್ಲ. ನುಡಿಸುವವರು ಆ ಎಣಿಕೆಯೊಳಗೆ ಎಷ್ಟು ಆರಾಮವಾಗಿದ್ದಾರೆ ಎಂಬುದನ್ನು ಕೇಳಬೇಕು.

ಇನ್ನು ಉದ್ದದ ವಿಚಾರ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಗಂಟು ಇರುವುದೇ ಇಲ್ಲಿ.

ವಿನೈಲ್ ತಟ್ಟೆಯ, ಅಂದರೆ ಹಳೆಯ ಗ್ರಾಮಫೋನ್ ರೆಕಾರ್ಡಿನ, ಒಂದು ಬದಿಯಲ್ಲಿ ಧ್ವನಿ ಕೆಡದಂತೆ ಹಿಡಿಸಬಹುದಾದದ್ದು ಸುಮಾರು 20ರಿಂದ 25 ನಿಮಿಷ. ಅದಕ್ಕಿಂತ ಹೆಚ್ಚು ತುಂಬಿಸಿದರೆ ಗೆರೆಗಳು ಒತ್ತೊತ್ತಾಗಿ ಸದ್ದು ಸಣ್ಣದಾಗುತ್ತದೆ, ಕೆಳಸ್ವರಗಳು ಸೊರಗುತ್ತವೆ. ಪ್ರೋಗ್‌ನ ಪ್ರಸಿದ್ಧ ದೀರ್ಘ ರಚನೆಗಳೆಲ್ಲ ಈ ಅಂಗಳದಲ್ಲೇ ಆಡಿದವು. ‘ಕ್ಲೋಸ್ ಟು ದಿ ಎಡ್ಜ್’ನ ಹೆಸರಿನ ರಚನೆ ಹದಿನೆಂಟು ನಿಮಿಷ ದಾಟುತ್ತದೆ, ಜೆನೆಸಿಸ್‌ನ ‘ಸಪ್ಪರ್ಸ್ ರೆಡಿ’ 23 ನಿಮಿಷದ ಹತ್ತಿರ. ಸಂಗೀತ ಸಹಜವಾಗಿ ಇಷ್ಟೇ ಉದ್ದ ಬೆಳೆಯಿತು ಎಂದು ನಾವು ಭಾವಿಸುತ್ತೇವೆ. ಬೆಳೆಯುವ ಬಳ್ಳಿಗೆ ಚಪ್ಪರದ ಅಳತೆ ಮೊದಲೇ ಗೊತ್ತಿತ್ತು.

ನಮ್ಮ ಗುಂಪಿನ ಇನ್ನೊಬ್ಬರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ರಾತ್ರಿ ಪಾಳಿ ಮುಗಿಸಿ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ‘ಕ್ಲೋಸ್ ಟು ದಿ ಎಡ್ಜ್’ ಪೂರ್ತಿ ಕೇಳುತ್ತಾರೆ. ಮೂರೇ ರಚನೆ, ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ಕುಡತಿನಿ ಹತ್ತಿರ ಬರುವಾಗ ಮೊದಲ ಬದಿ ಮುಗಿದಿರುತ್ತದೆ, ಊರೊಳಗೆ ಬಸ್ಸು ತಿರುಗುವಾಗ ಕೊನೆಯ ರಚನೆಯ ಬಿರುಸು. ಈ ಆಲ್ಬಂ ಅವರಿಗೆ ಪ್ರಾಣ. ಅವರ ಪ್ರೀತಿಯಲ್ಲಿ ಆ ರಸ್ತೆಯೂ ಸೇರಿದೆ, ಕೆಂಪು ದೂಳಿನ ಬೆಳಗೂ ಸೇರಿದೆ. ಅದೇ ಆಲ್ಬಂ ಹಾಸ್ಟೆಲ್ ಕೋಣೆಯಲ್ಲಿ, ಮೂವರು ಜೊತೆಗಾರರ ಮಾತಿನ ನಡುವೆ, ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಿದ ಹುಡುಗಿಗೆ ವಾದ್ಯಗಳು ಒಂದರ ಮೇಲೊಂದು ಬಿದ್ದಂತೆ ಕೇಳಿಸಿದ್ದರೆ ಅದು ಸುಳ್ಳಲ್ಲ. ಸಣ್ಣ ಸ್ಪೀಕರಿನಲ್ಲಿ ಸ್ಕ್ವೈರ್‌ನ ಬಾಸ್ ಗಿಟಾರ್ ಮಾಯವಾಗುತ್ತದೆ. ಯೆಸ್ ಸಂಗೀತದಲ್ಲಿ ಉಳಿದವರನ್ನು ಜೋಡಿಸುವ ದಾರವೇ ಆ ಬಾಸ್. ದಾರ ತೆಗೆದರೆ ಮಣಿಗಳು ಚೆಲ್ಲಾಪಿಲ್ಲಿ. ಆದರೂ ಅವಳು ನಮ್ಮ ಕೋಣೆಯ ದೊಡ್ಡ ಸ್ಪೀಕರಿನಲ್ಲಿ ಕೇಳಿದ ಮೇಲೆಯೂ ಮಾತು ಬದಲಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಮೊದಲ ಕೆಲವು ನಿಮಿಷಗಳ ಗದ್ದಲದಲ್ಲಿ ಯಾರೂ ಯಾರಿಗೂ ಜಾಗ ಬಿಡುವುದಿಲ್ಲ ಎಂಬ ಅವಳ ದೂರಿನಲ್ಲಿ ಸತ್ಯವಿದೆ ಎಂದು ಈಗ ನನಗೂ ಅನ್ನಿಸುತ್ತದೆ.

ಉದ್ದದ ಜಗಳದ ತುತ್ತತುದಿ ಅದೇ ತಂಡದ ಮುಂದಿನ ಸ್ಟುಡಿಯೊ ಆಲ್ಬಂ, 1973ರ ಡಿಸೆಂಬರಿನ ‘ಟೇಲ್ಸ್ ಫ್ರಂ ಟೋಪೋಗ್ರಾಫಿಕ್ ಓಷನ್ಸ್’. ಎರಡು ತಟ್ಟೆ, ನಾಲ್ಕು ಬದಿ, ಬದಿಗೊಂದರಂತೆ ನಾಲ್ಕೇ ರಚನೆ, ಒಟ್ಟು 80 ನಿಮಿಷಕ್ಕೂ ಹೆಚ್ಚು. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ವಿಮರ್ಶಕರಿಂದ ಬೈಸಿಕೊಂಡಿತು, ಪ್ರೋಗ್‌ನ ಅತಿರೇಕಕ್ಕೆ ಉದಾಹರಣೆ ಕೊಡುವವರೆಲ್ಲ ಇವತ್ತಿಗೂ ಇದರ ಹೆಸರನ್ನೇ ಹೇಳುತ್ತಾರೆ. ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರೇ ಇದನ್ನು ಒಪ್ಪಲಿಲ್ಲ. ಒಂದು ತಟ್ಟೆಗೆ ಹೆಚ್ಚಾಗುವ, ಎರಡಕ್ಕೆ ಸಾಲದ ಸಾಮಗ್ರಿ ಇತ್ತು, ಉಳಿದ ಜಾಗವನ್ನು ತುಂಬಿಸಿದರು ಎಂಬುದು ಅವರ ಆಕ್ಷೇಪ. 1974ರಲ್ಲಿ ತಂಡವನ್ನೇ ಬಿಟ್ಟರು. ಅವರ ಆಕ್ಷೇಪವೂ ತಟ್ಟೆಯ ಅಳತೆಯ ಬಗ್ಗೆಯೇ ಇದೆ ಎಂಬುದನ್ನು ಗಮನಿಸಿ.

ಈ ಆಲ್ಬಂ ಹುಟ್ಟಿದ್ದು ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಿಂದ. ಶಾಸ್ತ್ರಗಳ ನಾಲ್ಕು ವಿಭಾಗಗಳಾದ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬುದರ ವಿವರಣೆ ಅಲ್ಲಿದೆ. ಗಾಯಕ ಜಾನ್ ಆಂಡರ್ಸನ್ ಅದನ್ನು ಟೋಕಿಯೊದಲ್ಲಿದ್ದಾಗ ಓದಿ, ನಾಲ್ಕು ಬದಿಗೆ ನಾಲ್ಕು ಎಂದು ಹಂಚಿದರು. ಆ ಪದಗಳ ಹಿಂದಿನ ಶಾಸ್ತ್ರ ಆಂಡರ್ಸನ್‌ಗೆ ಎಷ್ಟು ದಕ್ಕಿತ್ತು ಎಂದು ನಮ್ಮಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಹಾಡಿನ ಸಾಹಿತ್ಯ ಮಂಜಿನಂತಿದೆ, ನಿಜ. ಆದರೆ ಶ್ರುತಿ ಎಂದರೆ ಕೇಳಿದ್ದು, ಸ್ಮೃತಿ ಎಂದರೆ ನೆನೆದದ್ದು ಎಂದು ತಿಳಿದ ಕಿವಿ ಎರಡನೇ ಬದಿಯನ್ನು ಬೇರೆ ರೀತಿ ಕೇಳುತ್ತದೆ. ಅಲ್ಲಿ ಸ್ವರಗುಚ್ಛಗಳು ಮುಂದಕ್ಕೆ ಓಡುವುದಿಲ್ಲ, ಸುಮ್ಮನೆ ಮರಳಿ ಮರಳಿ ಬರುತ್ತವೆ. ನೆನಪು ಮಾಡುವುದು ಅದನ್ನೇ ತಾನೆ?

ನನ್ನ ಒಪ್ಪಿಗೆಯಿಲ್ಲದ ಮಾತು ಇದು: ಈ ಆಲ್ಬಂನ ಮೂರನೇ ಬದಿ, ಅಭಿಮಾನಿಗಳು ಕೂಡ ದಾಟಿಸಿ ಮುಂದೆ ಹೋಗುವ ‘ದಿ ಏನ್ಷಿಯಂಟ್’, ಯೆಸ್ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಮೊದಲ ಹತ್ತು ಹನ್ನೆರಡು ನಿಮಿಷ ಒರಟಾದ ತಾಳವಾದ್ಯ, ಸ್ಟೀಲ್ ಗಿಟಾರಿನ ಚೀರು, ಹಿಡಿಯಲು ಒಂದು ಧಾಟಿ ಸಿಗುವುದಿಲ್ಲ. ಆಮೇಲೆ ಸದ್ದೆಲ್ಲ ಅಡಗಿ ಸ್ಟೀವ್ ಹೌ ಅವರ ಸ್ಪ್ಯಾನಿಷ್ ಗಿಟಾರ್ ಒಂದೇ ಉಳಿಯುತ್ತದೆ. ಆ ಕೊನೆಯ ಭಾಗವನ್ನಷ್ಟೇ ಕತ್ತರಿಸಿ ಕೇಳುವವರಿದ್ದಾರೆ. ಕತ್ತರಿಸಿ ಕೇಳಿದರೆ ಅದೊಂದು ಇಂಪಾದ ಹಾಡು, ಅಷ್ಟೆ. ಹನ್ನೆರಡು ನಿಮಿಷದ ಬಂಡೆಗಲ್ಲು ಹತ್ತಿ ಬಂದವರಿಗೆ ಅದು ನೆರಳು.

ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಉದ್ದ ಎಂಬುದು ದೋಷ ಎಂದು ಹೇಳಿಕೊಟ್ಟ ಊರಿನಲ್ಲಿ ನಾನು ಬೆಳೆದಿಲ್ಲ. ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ನಡೆಯುತ್ತದೆ. ರಾತ್ರಿ ಊಟ ಮುಗಿಸಿ ಚಾಪೆ ಹಾಸಿ ಕೂತರೆ ಬೆಳಗಿನವರೆಗೆ ಆಟ. ದೊಡ್ಡಾಟದಲ್ಲಿ ಮುಖ್ಯ ಪಾತ್ರ ರಂಗಕ್ಕೆ ನೇರವಾಗಿ ನುಗ್ಗುವುದಿಲ್ಲ. ಇಬ್ಬರು ತೆರೆ ಹಿಡಿದಿರುತ್ತಾರೆ, ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು ಮಾತ್ರ ಕಾಣುತ್ತದೆ. ಹಿಮ್ಮೇಳ ಏರುತ್ತ ಹೋಗುತ್ತದೆ, ತೆರೆಯ ಹಿಂದೆ ಕುಣಿತ ನಡೆದೇ ಇರುತ್ತದೆ. ನಡುವೆ ಸಾರಥಿ ಬಂದು ಪಾತ್ರದ ಹೆಸರು, ಊರು ಕೇಳಬೇಕು. ಮಕ್ಕಳು ನಿದ್ದೆ ಹೋಗುತ್ತಾರೆ, ದೊಡ್ಡವರು ಎದ್ದು ಹೋಗಿ ಚಹಾ ಕುಡಿದು ಬರುತ್ತಾರೆ. ಇದನ್ನು ಯಾರೂ ತುಂಬಿಸಿದ್ದು ಎನ್ನುವುದಿಲ್ಲ. ಕಾಯಿಸುವುದೇ ಅಲ್ಲಿ ಕಲೆಯ ಭಾಗ. ಲಂಡನ್ನಿನ ವಿಮರ್ಶಕ 1974ರಲ್ಲಿ ಮೇಜಿನ ಮುಂದೆ ಕೂತು ಕೇಳಿ ಬೇಸತ್ತದ್ದು ಅವನ ಮಟ್ಟಿಗೆ ಸರಿ. ಅವನ ಬೇಸರವನ್ನು ನಾವು ಕಡ ತರಬೇಕಾಗಿಲ್ಲ.

ಇದೇ ಮಾತನ್ನು ಎಲ್ಲ ಉದ್ದಕ್ಕೂ ಹೇಳಲಾರೆ. ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂನಲ್ಲಿ ‘ಮೂನ್‌ಚೈಲ್ಡ್’ ಎಂಬ ಹನ್ನೆರಡು ನಿಮಿಷದ ರಚನೆ ಇದೆ. ಎರಡೂವರೆ ನಿಮಿಷ ಹಾಡು, ಉಳಿದದ್ದೆಲ್ಲ ತಾಳವಿಲ್ಲದ, ಪಿಸುಮಾತಿನಂಥ ಮನೋಧರ್ಮ. ಅದೇ ಆಲ್ಬಂನ ಜೀವ ಎನ್ನುವುದು ಕೆಲವರ ಎದುರು ಮಾತು, ಅದನ್ನು ಆಲಾಪಕ್ಕೆ ಹೋಲಿಸುವವರೂ ಇದ್ದಾರೆ. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿ ಅವರ ಹಾಡು ಕೇಳಿದ ರಾಯಚೂರು ಸೀಮೆಯವರ ಮುಂದೆ ಆ ಹೋಲಿಕೆ ನಿಲ್ಲುವುದಿಲ್ಲ. ಆಲಾಪದಲ್ಲಿ ತಾಳವಿಲ್ಲ, ಆದರೆ ರಾಗವಿದೆ. ಮುಂದಿನ ಸ್ವರಕ್ಕಾಗಿ ಕಾಯುವ ಕಾರಣವಿದೆ. ಇಲ್ಲಿ ಕಾಯುವುದಕ್ಕೆ ಕಾರಣ ಕೊಟ್ಟಿಲ್ಲ. 2009ರ ಮರುಮಿಶ್ರಣದಲ್ಲಿ ಈ ಭಾಗವನ್ನೇ ಒಂದಿಷ್ಟು ಕತ್ತರಿಸಿದ್ದು ನನಗೆ ಸರಿ ಎನ್ನಿಸಿತು.

ಜೆತ್ರೊ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ನದು ಇನ್ನೊಂದು ಕಥೆ. ತಮ್ಮ ಹಿಂದಿನ ಆಲ್ಬಂ ‘ಆಕ್ವಾಲಂಗ್’ ಅನ್ನು ವಿಮರ್ಶಕರು ಒಂದೇ ಕಥಾವಸ್ತುವಿನ ಆಲ್ಬಂ ಎಂದು ಕರೆದಾಗ ಒಪ್ಪದ, ತಂಡದ ನಾಯಕ ಇಯಾನ್ ಆಂಡರ್ಸನ್, 1972ರಲ್ಲಿ ಅಂಥ ಆಲ್ಬಂಗಳನ್ನೇ ಅಣಕಿಸಲು ಇದನ್ನು ಮಾಡಿದರು. ಎರಡೂ ಬದಿಗೆ ಹರಡಿದ ಒಂದೇ ಹಾಡು, ಇಲ್ಲದ ಬಾಲಕವಿಯೊಬ್ಬನ ಹೆಸರಿನಲ್ಲಿ ಸಾಹಿತ್ಯ, ಹೊದಿಕೆಯಾಗಿ 12 ಪುಟದ ಸುಳ್ಳು ಪತ್ರಿಕೆ. ಅಣಕವೆಂದು ಹುಟ್ಟಿದ್ದನ್ನು ಕೇಳುಗರು ಮನಸಾರೆ ಒಪ್ಪಿಕೊಂಡರು, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿಸಿದರು. ಕೇಳುಗರು ಮೋಸಹೋದರು ಎನ್ನುವವರಿದ್ದಾರೆ. ಸಂಗೀತ ಅಣಕವನ್ನು ಮೀರಿ ಬೆಳೆಯಿತು ಎನ್ನುತ್ತೇನೆ ನಾನು.

ಜೆನೆಸಿಸ್‌ನಲ್ಲಿ 1975ರಲ್ಲಿ ಪೀಟರ್ ಗೇಬ್ರಿಯಲ್ ಹೋದ ಮೇಲೆ ಫಿಲ್ ಕಾಲಿನ್ಸ್ ಹಾಡಿದ್ದು ಹೆಚ್ಚೋ ಕಡಿಮೆಯೋ, ರಷ್‌ನ 1982ರ ನಂತರದ ಕೀಬೋರ್ಡ್ ತುಂಬಿದ ಆಲ್ಬಂಗಳು ಒಳ್ಳೆಯವೋ ಕೆಟ್ಟವೋ ಎಂಬ ಜಗಳಗಳು ಎಷ್ಟೋ ಸಲ ಆಗಿ ಸವೆದುಹೋಗಿವೆ. ಅವನ್ನು ಬಿಟ್ಟು ನನ್ನದೇ ಒಂದು ಅನುಭವಕ್ಕೆ ಬರುತ್ತೇನೆ.

2004ರಲ್ಲಿ ನಾನು ಕಾಲೇಜಿನಲ್ಲಿದ್ದಾಗ ಬಳ್ಳಾರಿಯಲ್ಲಿ ಈ ಆಲ್ಬಂಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಒಂದು ಇಂಟರ್ನೆಟ್ ಕೇಂದ್ರದಲ್ಲಿ ದುಡ್ಡು ಕೊಟ್ಟು ಸಿಡಿ ಬರೆಸಿಕೊಳ್ಳುತ್ತಿದ್ದೆವು. ಹಾಗೆ ಬರೆಸಿಕೊಂಡದ್ದು ಡ್ರೀಮ್ ಥಿಯೇಟರ್‌ನ 1999ರ ‘ಸೀನ್ಸ್ ಫ್ರಂ ಎ ಮೆಮೊರಿ’. ಪೂರ್ವಜನ್ಮದ ಕೊಲೆಯೊಂದರ ಕಥೆ ಹೇಳುವ ಆಲ್ಬಂ. ಹಾಡುಗಳ ಸಂಖ್ಯೆ ಕಡತದ ಹೆಸರಿನಲ್ಲಿ ಇರಲಿಲ್ಲ, ಹಾಗಾಗಿ ಸಿಡಿಯಲ್ಲಿ ಅವು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕೂತವು. ಕಥೆಯ ಕೊನೆಯ ಹಾಡು ‘ಫೈನಲಿ ಫ್ರೀ’ ಮೂರನೆಯದಾಗಿ ಬಂತು, ಮೊದಲನೆಯ ‘ರಿಗ್ರೆಷನ್’ ಏಳನೆಯದಾಯಿತು. ಕೊಲೆಗಾರ ಯಾರೆಂಬುದು ಗೊತ್ತಾದ ಮೇಲೆ ತನಿಖೆ ಶುರು. ಎಲ್ಲ ಮುಗಿದ ಮೇಲೆ ಒಂದು ನಿಮಿಷದ ಪಿಯಾನೊ ತುಣುಕು ‘ಥ್ರೂ ಮೈ ವರ್ಡ್ಸ್’. ಮೂರು ವರ್ಷ ನಾನು ಕೇಳಿದ್ದು ಹೀಗೆ. ಬೆಂಗಳೂರಿನಲ್ಲಿ ಗೆಳೆಯನ ಕೋಣೆಯಲ್ಲಿ ಸರಿಯಾದ ಕ್ರಮ ಕೇಳಿದ ದಿನ ಕಥೆ ಮೊದಲ ಸಲ ಅರ್ಥವಾಯಿತು, ಸಂಗೀತ ಮಾತ್ರ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಈ ಆಲ್ಬಂನ ಹಿರಿಮೆ ಅದರ ಕಥೆಯಲ್ಲಿದೆ ಎಂದು ಅಭಿಮಾನಿಗಳು ಹೇಳುವಾಗ ನಾನು ಒಪ್ಪದಿರುವುದು ಈ ಕಾರಣಕ್ಕೆ. ಕಥೆಯಿಲ್ಲದೆ ಮೂರು ವರ್ಷ ನನ್ನನ್ನು ಹಿಡಿದಿಟ್ಟ ಸಂಗೀತ ಅದು. ಅದೇ ತಂಡ 2016ರಲ್ಲಿ ಎರಡು ಗಂಟೆಗೂ ಹೆಚ್ಚಿನ ‘ದಿ ಆಸ್ಟಾನಿಷಿಂಗ್’ ಮಾಡಿದಾಗ ಕಥೆಯನ್ನೇ ಮುಂದಿಟ್ಟಿತು. ಅಕ್ಷರಕ್ರಮದಲ್ಲಿ ಜೋಡಿಸಿ ಕೇಳಿದೆ. ಅದು ನಿಲ್ಲಲಿಲ್ಲ.

ಈಗಿನ ಕಷ್ಟ ಬೇರೆ. ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡು ಓಡಿದರೆ ಒಂದು ಕೇಳಿಕೆ ಎಂದು ಲೆಕ್ಕ. ಆ ಲೆಕ್ಕದಲ್ಲಿ ಹದಿನೆಂಟು ನಿಮಿಷದ ರಚನೆಯೂ ಒಂದು, ಎರಡು ನಿಮಿಷದ್ದೂ ಒಂದು. ನಡುವೆ ಬಿಟ್ಟುಹೋದವನೂ ಕೇಳಿದವನೇ. ಎದುರು ಮಾತುಗಳ ಸುಗ್ಗಿಗೆ ಇದೂ ಗೊಬ್ಬರ. ಹೊಸಬರಿಗೆ ಹಿರಿಯ ಕೇಳುಗರು “ನಿನಗೆ ತಾಳ್ಮೆಯಿಲ್ಲ” ಎನ್ನುತ್ತಾರೆ. ಇದು ಅನ್ಯಾಯ. ಆ ಹುಡುಗಿ ಹದಿನೈದು ಸಲ ಕೇಳಿದ್ದಳು. ನಮ್ಮಲ್ಲಿ ಕೆಲವರು ಆ ಆಲ್ಬಂ ಅನ್ನು ಕೊನೆಯ ಸಲ ಪೂರ್ತಿ ಕೇಳಿ ಹತ್ತು ವರ್ಷವಾಗಿತ್ತು. ಮೆಚ್ಚುಗೆಯನ್ನು ನೆನಪಿನಿಂದ ಎತ್ತಿ ಕೊಡುತ್ತಿದ್ದೆವು.

2025ರ ಮಾರ್ಚ್‌ನಲ್ಲಿ ಸ್ಟೀವನ್ ವಿಲ್ಸನ್ ‘ದಿ ಓವರ್‌ವ್ಯೂ’ ಎಂಬ ಆಲ್ಬಂ ತಂದರು. ಎರಡೇ ರಚನೆ, ಒಂದು 23 ನಿಮಿಷ, ಇನ್ನೊಂದು 18, ತಟ್ಟೆಯ ಒಂದೊಂದು ಬದಿಗೆ ಸರಿಯಾಗಿ. ಚಪ್ಪರದ ಹಂಗಿಲ್ಲದ ಕಾಲದಲ್ಲೂ ಚಪ್ಪರದ ಅಳತೆಗೇ ಬಳ್ಳಿ ಹಬ್ಬಿಸಿದ್ದಾರೆ. ಹೋದ ತಿಂಗಳು ಅದನ್ನು ಕೇಳಿದೆವು. ಪಾಳಿ ಕೆಲಸದ ಗೆಳೆಯರಿಗೆ ಬಹಳ ಹಿಡಿಸಿತು, ಬಸ್ಸಿನಲ್ಲಿ ನಾಲ್ಕು ಬೆಳಗು ಕೇಳಿ ಬಂದಿದ್ದರು. ಮಾಸ್ತರರು ಎರಡನೇ ರಚನೆಯನ್ನು ಮತ್ತೊಮ್ಮೆ ಹಾಕಿಸಿದರು. ಹುಡುಗಿ ಏನೂ ಹೇಳಲಿಲ್ಲ. ಇನ್ನೂ ಎರಡೇ ಸಲ ಕೇಳಿದ್ದೇನೆ, ಮುಂದಿನ ಭಾನುವಾರ ಹೇಳುತ್ತೇನೆ ಎಂದಳು.